ಸಿಗ್ನಲ್ ರಾಯರು

ಬೆಂಗಳೂರಿನ ಯಾವ ಸಾಫ್ಟ್‌ವೇರ್ ಆಫೀಸಿಗೆ ಹೋದರೂ ಒಬ್ಬರಾದರೂ ಸಿಗ್ನಲ್ ರಾಯರು ಸಿಗುತ್ತಾರೆ. ಅಪ್ಪ-ಅಮ್ಮ ಇಟ್ಟ ಹೆಸರು ಬೇರೆ ಇರುತ್ತದೆ. ಅದು ಪೇಸ್ಲಿಪ್‌ಗೆ ಮಾತ್ರ. ಜಾಂಗೋ ಬಲ್ಲವರು ಇಷ್ಟಕ್ಕೇ ನಕ್ಕಿರುತ್ತಾರೆ. ಉಳಿದವರಿಗಾಗಿ: ಜಾಂಗೋ ಎಂದರೆ ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟಲು 2005ರಲ್ಲಿ ಹೊರಬಂದ ಫ್ರೇಮ್‌ವರ್ಕ್. ಅದರಲ್ಲಿ ಒಂದು ರೆಕಾರ್ಡ್ ಸೇವ್ ಆದ ಕೂಡಲೇ ‘ಪೋಸ್ಟ್ ಸೇವ್’ ಎಂಬ ಸಿಗ್ನಲ್ ಹೊರಡುತ್ತದೆ. ಕಿವಿಗೊಟ್ಟು ಕೂತ ಫಂಕ್ಷನ್‌ಗಳೆಲ್ಲ ಎದ್ದು ತಮ್ಮ ತಮ್ಮ ಕೆಲಸಕ್ಕೆ ಹೊರಡುತ್ತವೆ. ಹಾಗೆ ಕೂರಿಸಿದವರು ರಾಯರು.

ಒಂದು ಟೇಬಲ್‌ನಲ್ಲಿ ಆದದ್ದು ಉಳಿದ ಟೇಬಲ್‌ಗಳಿಗೆಲ್ಲ ತಿಳಿಯಲೇಬೇಕು, ಹೇಗೆ ತಿಳಿಯಿತೆಂದು ಮನುಷ್ಯರಿಗೆ ಮಾತ್ರ ತಿಳಿಯಬಾರದು ಎಂಬುದು ಅವರ ಸಿದ್ಧಾಂತ. ಆರ್ಡರ್ ಸೇವ್ ಮಾಡಿದರೆ ಸ್ಟಾಕ್ ಇಳಿಯುತ್ತದೆ, ಗಿರಾಕಿಯ ಒಟ್ಟು ಖರೀದಿ ಏರುತ್ತದೆ, ಎಸ್ಸೆಮ್ಮೆಸ್ ಹೋಗುತ್ತದೆ. ಆರ್ಡರಿನ ಕೋಡ್ ತೆರೆದು ನೋಡಿ, ಇದ್ಯಾವುದರ ಸುಳಿವೂ ಇಲ್ಲ. ಎಲ್ಲ ಇರುವುದು ಮೂಲೆಯ ಇನ್ನೊಂದು ಫೈಲಿನಲ್ಲಿ.

ಹೊಸದಾಗಿ ಸೇರಿದ ಹಾಸನದ ಹುಡುಗಿ ಒಂದು ಆರ್ಡರಿನ ಪಿನ್‌ಕೋಡ್ ತಿದ್ದಿ ಸೇವ್ ಒತ್ತಿದಳು. ಸ್ಟಾಕ್ ಇನ್ನೊಮ್ಮೆ ಇಳಿಯಿತು. “ನಿಮ್ಮ ಆರ್ಡರ್ ಸ್ವೀಕರಿಸಲಾಗಿದೆ” ಎಂದು ಗಿರಾಕಿಗೆ ಮತ್ತೊಂದು ಮೆಸೇಜ್ ಹೋಯಿತು. ಆತ ಫೋನ್ ಮಾಡಿ ಕೂಗಾಡಿದ.

“ಸರ್, ನಾನು ಪಿನ್‌ಕೋಡ್ ಅಷ್ಟೇ ಮುಟ್ಟಿದ್ದು.”

“ಸೇವ್ ಮಾಡ್ದೆ ತಾನೇಮ್ಮಾ?”

“ಮಾಡ್ದೆ ಸರ್.”

“ಮತ್ತೆ?”

ವಿಚಾರಣೆ ಅಲ್ಲಿಗೆ ಮುಗಿಯಿತು. ರೆಕಾರ್ಡ್ ಹೊಸದೋ ಹಳೆಯದೋ ಎಂದು ಹೇಳಲು ಆ ಸಿಗ್ನಲ್ಲೇ ‘ಕ್ರಿಯೇಟೆಡ್’ ಎಂಬ ಗುರುತನ್ನು ಜೊತೆಗೆ ತರುತ್ತದೆ. ಅದನ್ನೊಮ್ಮೆ ನೋಡಿಕೊಂಡಿದ್ದರೆ ಸಾಕಿತ್ತು. ರಾಯರಿಗೆ ಪುರುಸೊತ್ತೆಲ್ಲಿ?

ಇನ್ನೊಮ್ಮೆ ಆರ್ಡರ್ ಸೇವ್ ಆಗುತ್ತಲೇ ಗಿರಾಕಿಯನ್ನು ಸೇವ್ ಮಾಡಿತು, ಗಿರಾಕಿ ತನ್ನ ಆರ್ಡರನ್ನು ಸೇವ್ ಮಾಡಿದ, ಆ ಆರ್ಡರ್ ಮತ್ತೆ ಗಿರಾಕಿಯನ್ನು... ಮಿತಿ ಬದಲಿಸದಿದ್ದರೆ, ಹೀಗೆ ಒಂದರೊಳಗೊಂದು ಕರೆ 1000 ಮುಟ್ಟುವ ಹೊತ್ತಿಗೆ ಪೈಥಾನ್ ಕೈಚೆಲ್ಲುತ್ತದೆ. ರಾಯರು ಕೈಚೆಲ್ಲುವವರಲ್ಲ. ‘ಈ ಸಲ ಬೇಡ’ ಎಂಬರ್ಥದ ಫ್ಲ್ಯಾಗ್ ಒಂದನ್ನು ಸಿಕ್ಕಿಸಿದರು. ಅದು ಈಗಲೂ ಅಲ್ಲೇ ಇದೆ, ಮುಟ್ಟುವ ಧೈರ್ಯ ಯಾರಿಗೂ ಇಲ್ಲ.

ಅವರು ನಿಜಕ್ಕೂ ನೊಂದದ್ದು ದರ ಏರಿಸಿದ ದಿನ. ಅಂದು ಅದೇ ಹುಡುಗಿ ಅಷ್ಟೂ ಸಾಮಾನಿನ ಬೆಲೆಯನ್ನು ಒಂದೇ ‘ಅಪ್‌ಡೇಟ್’ನಲ್ಲಿ ಬದಲಿಸಿಬಿಟ್ಟಳು. ಅದು ಸೇವ್‌ನ ಹಂಗಿಲ್ಲದೆ ನೇರ ಡೇಟಾಬೇಸ್‌ಗೆ ಹೋಗುತ್ತದೆ, ಸಿಗ್ನಲ್ ಹೊರಡುವುದೇ ಇಲ್ಲ. ರಾಯರ ಒಂದು ಫಂಕ್ಷನ್ನೂ ಏಳಲಿಲ್ಲ. ಮದುವೆಗೆ ಕರೆಯದೆ ಬಿಟ್ಟ ದೊಡ್ಡಪ್ಪನ ಹಾಗೆ ವಾರವಿಡೀ ಮುಖ ಊದಿಸಿಕೊಂಡಿದ್ದರು.

ಸಾಧ್ಯವಾದಲ್ಲೆಲ್ಲ ಸಿಗ್ನಲ್ ಬಿಟ್ಟು ಬೇಕಾದ ಕೋಡನ್ನೇ ನೇರವಾಗಿ ಕರೆಯಿರಿ ಎಂದು ಜಾಂಗೋದ ಕೈಪಿಡಿಯೇ ಹೇಳುತ್ತದೆ. ನನಗೂ ಅದೇ ಸರಿಯೆನಿಸುತ್ತದೆ. ರಾಯರಿಗೆ ತೋರಿಸಿದರೆ ಕನ್ನಡಕ ಮೇಲೇರಿಸಿ, “ಅದು ಹೊಸಬರಿಗೆ ಬರೆದದ್ದು” ಎನ್ನುತ್ತಾರೆ. ಹಾಗೆಂದು ಕೆಟ್ಟವರೇನಲ್ಲ. ನಡುರಾತ್ರಿ ಫೋನ್ ಮಾಡಿದರೂ ಎತ್ತುತ್ತಾರೆ. ಎತ್ತಲೇಬೇಕು, ಏನು ಸೇವ್ ಮಾಡಿದರೆ ಎಲ್ಲಿ ಏನಾಗುತ್ತದೆ ಎಂಬುದು ಬರೆದಿರುವುದು ಅವರ ತಲೆಯಲ್ಲಿ ಮಾತ್ರ. ಅಪ್ರೈಸಲ್‌ನಲ್ಲಿ ಇದಕ್ಕೆ ‘ಅನಿವಾರ್ಯ’ ಎಂಬ ಷರಾ ಬೀಳುತ್ತದೆ, ಸಂಬಳವೂ ಏರುತ್ತದೆ.

ಈಚೆಗೆ ಅವರ ಕಣ್ಣು ಡಿಲೀಟ್ ಮೇಲೆ ಬಿದ್ದಿದೆ. ಅದಕ್ಕೂ ಒಂದು ಸಿಗ್ನಲ್ ಇದೆಯಲ್ಲ. “ಒಂದು ರೆಕಾರ್ಡ್ ಹೋಯ್ತು ಅಂದ್ರೆ ನಾಲ್ಕು ಕಡೆ ತಿಳಿಸ್ಬೇಕಲ್ವಾ?” ಎನ್ನುತ್ತ ಕುರ್ಚಿ ಎಳೆದು ಕೂತಿದ್ದಾರೆ.