ಕರಾರು ಅಂದ್ರೆ ಕರಾರು!

(2018ರ ಆಗಸ್ಟ್. ಬಂಟ್ವಾಳದ ಹತ್ತಿರದ ನರಿಕೊಂಬಿನ ಒಂದು ಮನೆಯ ಚಾವಡಿ. ರಾಯರು ಸೂಟ್‌ಕೇಸ್ ತುಂಬುತ್ತಿದ್ದಾರೆ. ಪಕ್ಕದ ಮನೆಯ ಶೆಟ್ರು ಕೊಡೆ ಮಡಚಿ ಒಳಬರುತ್ತಾರೆ.)

ಶೆಟ್ರು: ಎಂತ ರಾಯರೇ, ಈ ಮಳೆಗೆ ಎಲ್ಲಿಗೆ ಹೊರಟದ್ದು?

ರಾಯರು: ಮಡಿಕೇರಿಗೆ. ಅಲ್ಲಿಯ ಒಂದು ಕುಟುಂಬದ ಜೊತೆ ಮನೆ ಅದಲುಬದಲಿನ ಕರಾರು ಆಗಿದೆ ಶೆಟ್ರೇ. ಒಂದು ವಾರ ಅವರ ಮನೆ ನಮಗೆ, ನಮ್ಮದು ಅವರಿಗೆ. ಲಾಡ್ಜಿನ ಖರ್ಚು ಉಳೀತದೆ.

ಶೆಟ್ರು: ಟಿವಿ ನೋಡ್ಲಿಲ್ವಾ? ಮಡಿಕೇರಿ ದಾರಿಯ ಜೋಡುಪಾಲದಲ್ಲಿ ಗುಡ್ಡವೇ ಜಾರಿ ಬಂದಿದೆ. ಹೆದ್ದಾರಿ ಬಂದ್!

ರಾಯರು: ನನ್ನ ರಜೆ ಜೂನ್‌ನಲ್ಲೇ ಮಂಜೂರಾಗಿದೆ. ಗುಡ್ಡ ಜಾರಿದ್ದು ಮೊನ್ನೆ. ಯಾರದ್ದು ಮೊದಲು?

ಶೆಟ್ರು: ಶಿರಾಡಿ ಘಾಟಿಯಲ್ಲೂ ಗುಡ್ಡ ಕುಸಿದಿದೆ.

ರಾಯರು: ಚಾರ್ಮಾಡಿ ಘಾಟಿ ಹತ್ತಿ ಸುತ್ತಿ ಹೋದ್ರಾಯ್ತು. ದಾರಿಯಲ್ಲಿ ಜಲಪಾತವೂ ಸಿಗ್ತದೆ.

ಶೆಟ್ರು: ಮಡಿಕೇರಿ ಹತ್ತಿರದ ಮಕ್ಕಂದೂರಿನ ಜನ ಮನೆ ಬಿಟ್ಟು ಪರಿಹಾರ ಕೇಂದ್ರದಲ್ಲಿದ್ದಾರೆ ಮಾರಾಯ್ರೆ!

ರಾಯರು: ಹಾಗಾದ್ರೆ ಗಲಾಟೆ ಇರ್ಲಿಕ್ಕಿಲ್ಲ.

ಶೆಟ್ರು: ಪ್ರವಾಸಿಗಳು ಬರಬೇಡಿ ಅಂತ ಜಿಲ್ಲಾಡಳಿತವೇ ಹೇಳಿದೆ.

ರಾಯರು: ನಾವು ಪ್ರವಾಸಿಗಳಾ? ಆ ವಾರ ನಾವೇ ಮನೆಯವರು!

ಶೆಟ್ರು: ಇಲ್ಲಿ ನೇತ್ರಾವತಿ ಹೊಳೆಯೂ ಏರ್ತಾ ಉಂಟು. ಬಂಟ್ವಾಳದಲ್ಲಿ ಅಪಾಯದ ಮಟ್ಟ 8.5 ಮೀಟರ್. 1974ರ ನೆರೆ ಮರೆತುಹೋಯ್ತಾ? ಅವರಿಗೆ ಹೇಳಿದ್ದೀರಾ?

ರಾಯರು: ಮನೆ ಹೊಳೆಗೆ ಹತ್ತಿರ ಅಂತ ಹೇಳಿದ್ದೇನೆ. ಇನ್ನೂ ಹತ್ತಿರ ಬಂದ್ರೆ ಅವರಿಗೇ ಲಾಭ.

ಶೆಟ್ರು: ಅಲ್ಲ, ನೀವು ಇಲ್ಲೇ ಇದ್ದು ಅವರನ್ನು ಕರೆಸಿಕೊಳ್ಳಿ. ಮಾಳಿಗೆಯ ಕೋಣೆ ಖಾಲಿ ಉಂಟಲ್ಲ?

ರಾಯರು: (ಗಾಬರಿಯಿಂದ) ಬದಲಿಗೆ ಏನೂ ಇಲ್ಲದೆ? ಹಾಗೆ ಮಾಡಿದ್ರೆ ಅದು ಸಹಾಯ ಆಗಿಬಿಡ್ತದೆ ಶೆಟ್ರೇ. ಕರಾರಿನಲ್ಲಿ ಅದು ಎಲ್ಲಿಯೂ ಇಲ್ಲ!