ಸೃಷ್ಟಿಪ್ರಕರಣ: ಕುಬ್ಜರ ಕೋಟೆಯಲ್ಲಿ ಗಂಡಭೇರುಂಡ ಹುಟ್ಟಿಸುವ ಶಾಸ್ತ್ರೋಕ್ತ ವಿಧಿ

ಪೀಠಿಕೆ: ಸೃಷ್ಟಿ ಎರಡು ಬಗೆ. ಒಂದು ಚತುರ್ಮುಖನದು, ಇನ್ನೊಂದು ಟಾರ್ನ್ ಆಡಮ್ಸನದು. ಮೊದಲನೆಯದರ ಮೂಲ ಕಡತ ಈವರೆಗೆ ಯಾರಿಗೂ ಸಿಕ್ಕಿಲ್ಲವಾದ್ದರಿಂದ ಇಲ್ಲಿ ಎರಡನೆಯದರ ವಿಚಾರ. ಗಣಿತದಲ್ಲಿ ಡಾಕ್ಟರೇಟ್ ಪಡೆದ ಈತ, ಅಣ್ಣ ಝ್ಯಾಕ್‌ನೊಂದಿಗೆ ಸೇರಿ 2006ರಲ್ಲಿ 'ಡ್ವಾರ್ಫ್ ಫೋರ್ಟ್ರೆಸ್' ಎಂಬ ಆಟವನ್ನು ಲೋಕಾರ್ಪಣೆ ಮಾಡಿದ. 2022ರ ಡಿಸೆಂಬರಿನಲ್ಲಿ ಸ್ಟೀಮ್ ಆವೃತ್ತಿ ಚಿತ್ರಗಳನ್ನು ತರುವ ತನಕ ಮೂಲ ಆಟದಲ್ಲಿ ನಾಯಿ ಎಂದರೆ 'ಡಿ' ಅಕ್ಷರ, ಬೆಕ್ಕೆಂದರೆ 'ಸಿ'. ಶಬ್ದಬ್ರಹ್ಮವಾದಿಗಳಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಸೂತ್ರ 1: ಬರೆದದ್ದು ಹುಟ್ಟುತ್ತದೆ.

ಭಾಷ್ಯ: ಇಲ್ಲಿನ ಪ್ರಾಣಿಸಂಕುಲ ಸಾದಾ ಟೆಕ್ಸ್ಟ್ ಫೈಲುಗಳಲ್ಲಿ ವಾಸವಾಗಿದೆ. ಆದ್ದರಿಂದ ನೋಟ್‌ಪ್ಯಾಡ್ ತೆರೆಯಬಲ್ಲ ಯಾರೇ ಆದರೂ ಬ್ರಹ್ಮಪದವಿಗೆ ಅರ್ಹರು. ಸಂದರ್ಶನವಿಲ್ಲ, ಮೀಸಲಾತಿಯ ತಕರಾರೂ ಇಲ್ಲ. ಚೌಕ ಆವರಣದೊಳಗೆ 'ಫ್ಲೈಯರ್' ಎಂದು ಬರೆದರೆ ಪ್ರಾಣಿ ಹಾರುತ್ತದೆ, 'ಆಂಫಿಬಿಯಸ್' ಎಂದರೆ ನೆಲದಲ್ಲೂ ನೀರಲ್ಲೂ ಉಸಿರಾಡುತ್ತದೆ. ಗಾತ್ರವನ್ನು ಘನ ಸೆಂಟಿಮೀಟರಿನಲ್ಲಿ ಕೊಡಬೇಕು: ಬೆಕ್ಕಿಗೆ 5,000, ಕುಬ್ಜನಿಗೆ 60,000, ಆನೆಗೆ 50 ಲಕ್ಷ, ಸಾವಿರ ವರ್ಷ ಬೆಳೆದ ಡ್ರ್ಯಾಗನ್ನಿಗೆ 2.5 ಕೋಟಿ.

ಗಂಡಭೇರುಂಡಕ್ಕೆ ಎಷ್ಟು? ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಈ ಪಕ್ಷಿ ಕೊಕ್ಕಿನಲ್ಲೂ ಕಾಲಿನಲ್ಲೂ ಆನೆಗಳನ್ನು ಹಿಡಿದಿದೆ. ಎರಡು ಕೊಕ್ಕು, ಎರಡು ಕಾಲು, ತಲಾ ಒಂದಾನೆ ಎಂದಿಟ್ಟುಕೊಂಡರೆ ಹೊರೆಯೇ 2 ಕೋಟಿ. ಹೊರುವ ಪಕ್ಷಿ ಡ್ರ್ಯಾಗನ್ನಿಗಿಂತ ಸಣ್ಣದಿರಲಾರದೆಂದು ಸಿದ್ಧವಾಯಿತು. ನಾಣ್ಯ ಎಷ್ಟು ಚಿಕ್ಕದೆಂಬ ಪ್ರಶ್ನೆ ಇಲ್ಲಿ ಅಪ್ರಸ್ತುತ.

ಪೂರ್ವಪಕ್ಷ: ತಲೆ ಎರಡಾದರೆ ಒಂದು ಏರಿಗೆ, ಇನ್ನೊಂದು ನೀರಿಗೆ ಎಳೆಯದೇ?

ಸಮಾಧಾನ: ಎಳೆಯದು. ಆ ಲೋಕದಲ್ಲಿ ಎರಡು ತಲೆಯ ಎಟಿನ್, ಏಳು ತಲೆಯ ಹೈಡ್ರಾ ಮೊದಲೇ ಇವೆ; ಏಳು ತಲೆಗಳೂ ಒಂದೇ ಕಡೆ ಓಡುತ್ತವೆ. ಸಮ್ಮಿಶ್ರ ಸರಕಾರದ ಲಕ್ಷಣ ಇದಕ್ಕೆ ಅನ್ವಯಿಸದು.

ಸೂತ್ರ 2: ಪ್ರಳಯವಿಲ್ಲದೆ ಸೃಷ್ಟಿಯಿಲ್ಲ.

ಭಾಷ್ಯ: ನಡೆಯುತ್ತಿರುವ ಲೋಕಕ್ಕೆ ಹೊಸ ಪ್ರಾಣಿ ಇಳಿಯದು, ಅದಕ್ಕಾಗಿ ಹೊಸ ಲೋಕವನ್ನೇ ಹುಟ್ಟಿಸಬೇಕು. ಗಂಡು-ಹೆಣ್ಣು ಎರಡನ್ನೂ ಬರೆಯದವನ ಪಕ್ಷಿಗೆ ಸಂತಾನಯೋಗವಿಲ್ಲ. ಕಾಗುಣಿತ ತಪ್ಪಿದರೆ 'ಎರರ್‌ಲಾಗ್' ಎಂಬ ಚಿತ್ರಗುಪ್ತ ಬರೆದಿಟ್ಟುಕೊಳ್ಳುತ್ತಾನೆ.

ಸೂತ್ರ 3: ಹುಟ್ಟಿದ್ದು ಮಾತು ಕೇಳುವುದಿಲ್ಲ.

ಭಾಷ್ಯ: ಇದಕ್ಕೆ ಮಾರ್ಜಾಲಮರಣವೇ ಪ್ರಮಾಣ. 2015ರ ಕೊನೆಗೆ ಆಟಕ್ಕೆ ಹೆಂಡದಂಗಡಿಗಳು ಬಂದವು. ಬೆನ್ನಿಗೇ ಬೆಕ್ಕುಗಳು ವಾಂತಿ ಮಾಡಿಕೊಂಡು ಸಾಯತೊಡಗಿದವು. ಯಾರೂ ಬೆಕ್ಕಿಗೆ ಕುಡಿಸಿರಲಿಲ್ಲ. ಟಾರ್ನ್ ಜಾಡು ಹಿಡಿದು ಹೋದಾಗ ತಿಳಿದದ್ದು ಇಷ್ಟು: ಕುಬ್ಜರು ಕುಡಿಯುತ್ತ ನೆಲಕ್ಕೆ ಚೆಲ್ಲಿದ್ದರು, ಬೆಕ್ಕು ಅದನ್ನು ತುಳಿದಿತ್ತು, ಆಮೇಲೆ ಎಲ್ಲ ಬೆಕ್ಕುಗಳಂತೆ ಅಂಗಾಲು ನೆಕ್ಕಿಕೊಂಡಿತ್ತು. ಒಂದು ನೆಕ್ಕಿಗೆ ಒಂದು ಪೂರ್ತಿ ಲೋಟದ ಲೆಕ್ಕ ಹಿಡಿಯಿತು ಗಣಕ. 5,000 ಘನ ಸೆಂಟಿಮೀಟರಿನ ದೇಹ ತಾಳಲಿಲ್ಲ. ಬೆಕ್ಕು ಮೈ ನೆಕ್ಕಿಕೊಳ್ಳಬೇಕೆಂದು ಬರೆದವನು, ಲೋಟ ತುಳುಕಬೇಕೆಂದು ಬರೆದವನು, ಹೆಂಡಕ್ಕೆ ಅಮಲಿರಬೇಕೆಂದು ಬರೆದವನು ಎಲ್ಲ ಒಬ್ಬನೇ. ಬೆಕ್ಕು ಸಾಯಬೇಕೆಂದು ಮಾತ್ರ ಅವನು ಬರೆದಿರಲಿಲ್ಲ.

ಸಿದ್ಧಾಂತ: ಸೃಷ್ಟಿಕರ್ತನಿಗೆ ಸಾಲುಗಳ ಮೇಲೆ ಅಧಿಕಾರವುಂಟು, ಸಾಲು ಸಾಲು ಸೇರಿದಾಗ ಆಗುವುದರ ಮೇಲೆ ಇಲ್ಲ. ಆಟದ ಸೊಗಸೆಲ್ಲ ಆ ಇಲ್ಲದ ಅಧಿಕಾರದಲ್ಲಿದೆ. ತಲೆ ಎಷ್ಟು, ರೆಕ್ಕೆ ಎಷ್ಟು ಎಂದು ಬರೆಯುವುದು ಗುಮಾಸ್ತಿಕೆ; ನಮ್ಮದೇ ಪಕ್ಷಿ ನಮ್ಮನ್ನು ಬೆಚ್ಚಿಬೀಳಿಸಿದಾಗಲೇ ಅದು ಸೃಷ್ಟಿ.

ಫಲಶ್ರುತಿ: ಈ ಪ್ರಕರಣವನ್ನು ಭಕ್ತಿಯಿಂದ ಓದಿದವರಿಗೆ ದ್ವಿಶಿರ ಪಕ್ಷಿಯೂ, ಬಾಗಿಲು ಹಾಕಿದ ಕೋಟೆಯೂ, ಅಮಲಿಲ್ಲದ ಬೆಕ್ಕುಗಳೂ ಪ್ರಾಪ್ತವಾಗಲಿ. ಓದದೆ ನೇರ ಆಡಲು ಹೋಗುವವರಿಗೆ ಒಂದೇ ಮಾತು: 'ತಥಾಸ್ತು' ಎನ್ನುವ ಮೊದಲು ಮೂಲ ಫೈಲಿನ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ.