ಸಂತರ ಮೇಲ್ವಿಚಾರಕಿ

ನನ್ನ ಅಜ್ಜಿಯ ಸ್ವರ್ಗ ನಮ್ಮ ತಾಲೂಕು ಕಚೇರಿಯ ಹಾಗೆಯೇ ಇತ್ತು. ನೇರವಾಗಿ ದೇವರ ಬಾಗಿಲು ತಟ್ಟುವಂತಿಲ್ಲ, ಆಯಾ ವಿಭಾಗದ ಸಂತರನ್ನು ಕಾಣಬೇಕು. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದರೆ ಸಂತ ಬ್ಲೇಸ್, ಕಣ್ಣು ಮಂಜಾದರೆ ಸಂತ ಲೂಸಿ, ಗುಡುಗು ಸಿಡಿಲಿಗೆ ಸಂತ ಬಾರ್ಬರಾ, ಕಳೆದ ವಸ್ತುಗಳಿಗೆ ಸಂತ ಅಂತೋನಿ. ಎಲ್ಲರೂ ಕೈಚೆಲ್ಲಿದ ಕೇಸುಗಳು ಸಂತ ಜೂಡರ ಮೇಜಿಗೆ. "ದೊಡ್ಡವನಿಗೆ ನೂರೆಂಟು ಕೆಲಸ ಇರ್ತದೆ, ಸಣ್ಣಪುಟ್ಟದಕ್ಕೆಲ್ಲ ಉಪದ್ರ ಕೊಡಬಾರದು" ಎನ್ನುತ್ತಿದ್ದಳು.

ಮಂಗಳೂರಿನ ಕೊಂಕಣಿ ಕ್ರೈಸ್ತ ಮನೆ ನಮ್ಮದು. ಮನೆಯವರಿಗೆಲ್ಲ ಅವಳು ಮಾಂಯ್, ನೆರೆಕರೆಯ ತುಳುವರಿಗೆ ಬಾಯಮ್ಮ. ಸಂತರಲ್ಲಿ ಅವಳಿಗಾಗಿ ಹೆಚ್ಚು ದುಡಿದವನು ಪಾಪ, ಅಂತೋನಿ. 1195ರಲ್ಲಿ ಲಿಸ್ಬನ್ನಿನಲ್ಲಿ ಹುಟ್ಟಿ, ಪಂಡಿತನೆಂದೂ ವಾಗ್ಮಿಯೆಂದೂ ಹೆಸರಾಗಿ, 1231ರಲ್ಲಿ ಪಾದುವಾದ ಬಳಿ ತೀರಿಕೊಂಡವನು. ಕಳುವಾಗಿದ್ದ ಅವನ ಕೀರ್ತನೆಗಳ ಪುಸ್ತಕ ಪ್ರಾರ್ಥನೆಯಿಂದ ಮರಳಿ ಸಿಕ್ಕಿತೆಂದು ಐತಿಹ್ಯ. ಆ ಒಂದು ಪುಸ್ತಕ ಸಿಕ್ಕಿದ್ದೇ ತಪ್ಪಾಯಿತು. ಅಷ್ಟು ಓದಿದ ಮನುಷ್ಯ ಏಳು ಶತಮಾನ ಕಳೆದರೂ ನಮ್ಮ ಅಜ್ಜಿಯ ಕನ್ನಡಕ ಹುಡುಕುತ್ತಿರಬೇಕಾಯಿತು. ಬೇಗ ಸಿಗದಿದ್ದರೆ ಅಜ್ಜಿ ಅವನ ಪ್ರತಿಮೆಯನ್ನು ಗೋಡೆಯ ಕಡೆ ತಿರುಗಿಸಿ, "ಸಿಗುವ ತನಕ ಸುಣ್ಣ ನೋಡಿಕೊಂಡಿರು" ಎನ್ನುವಳು. ಕನ್ನಡಕ ಅಕ್ಕಿ ಡಬ್ಬಿಯಲ್ಲಿ ಸಿಕ್ಕ ಮೇಲೆ ಅವನನ್ನು ಈಚೆ ತಿರುಗಿಸಿ, ಸೆರಗಿನಿಂದ ಮುಖ ಒರೆಸಿ, ಮೇಣದಬತ್ತಿ ಹಚ್ಚುವಳು.

ಅಂತೋನಿಯ ಖ್ಯಾತಿ ಬೇಲಿಯಾಚೆಗೂ ಹಬ್ಬಿತ್ತು. ಒಮ್ಮೆ ಪಕ್ಕದ ಮನೆಯಾಕೆ ಓಡಿಬಂದು, "ಬಾಯಮ್ಮಾ, ಬೆಳಿಗ್ಗೆಯಿಂದ ದನ ಕಾಣುವುದಿಲ್ಲ, ನಿಮ್ಮ ಅಂತೋನಿಗೆ ಒಂದು ಮಾತು ಹೇಳಿ" ಎಂದಳು. ಅಜ್ಜಿ ಮನೆಯ ಆಲ್ತಾರಿನ, ಅಂದರೆ ಪ್ರಾರ್ಥನಾ ಪೀಠದ, ಮುಂದೆ ನಿಂತು ದನದ ಬಣ್ಣ, ಹಣೆಯ ಬಿಳಿ ಮಚ್ಚೆ, ಮುರಿದ ಕೊಂಬು ಎಡದ್ದೋ ಬಲದ್ದೋ ಎಂಬುದನ್ನೆಲ್ಲ ವಿವರಿಸಿದಳು. ಬೇರೆ ಯಾರದ್ದೋ ದನ ಹುಡುಕಿಕೊಟ್ಟರೆ ತಕರಾರಲ್ಲವೇ! ಸಂಜೆ ದನ ತಾನಾಗಿ ಹಟ್ಟಿಗೆ ಬಂತು. "ಪ್ರಾರ್ಥಿಸದಿದ್ದರೂ ಬರ್ತಿತ್ತು" ಎಂದರು ಅಜ್ಜ. "ಬಾರದಿದ್ದರೆ ನೀವು ಹೋಗಿ ಹುಡುಕ್ತಿದ್ದಿರಾ?" ಎಂದಳು ಅಜ್ಜಿ. ಅಜ್ಜ ಪೇಪರ್ ಎತ್ತಿಕೊಂಡರು. ಪಕ್ಕದ ಮನೆಯಿಂದ ಬಂದ ಮುಳ್ಳುಸೌತೆಯ ಸಾಂಬಾರು ನಮಗೆ, ಮೇಣದಬತ್ತಿ ಸಂತನಿಗೆ.

ಸಂಜೆಯ ತೇರ್ಸ್ ಅಂದರೆ ಜಪಮಾಲೆಯ ಪ್ರಾರ್ಥನೆ. ಐದು ಘಟ್ಟ, ಐವತ್ತು ನಮಾನ್ ಮರಿಯೆ, ಆಮೇಲೆ ಸಂತರ ಉದ್ದನೆಯ ಪಟ್ಟಿ. ನಡುನಡುವೆ ಮನೆಯ ಆಡಳಿತವೂ ಅದೇ ರಾಗದಲ್ಲಿ ಸಾಗುತ್ತಿತ್ತು. ಒಂದು ದಿನ ಅವಳು "ಒಲೆಯ ಮೇಲಿನ ಗಂಜಿ ಉಕ್ಕುತ್ತಾ ಉಂಟು" ಎಂದು ರಾಗ ಎಳೆದಾಗ, ತೂಕಡಿಸುತ್ತಿದ್ದ ನಾವೆಲ್ಲ ಒಕ್ಕೊರಲಿನಿಂದ "ಆಮೆನ್" ಎಂದೆವು. ಗಂಜಿ ಉಕ್ಕಿಯೇ ಉಕ್ಕಿತು.

ಎರಡನೆಯ ವ್ಯಾಟಿಕನ್ ಮಹಾಸಭೆ (1962-65) ಮುಗಿದು, ಇಗರ್ಜಿಯ ಪೂಜೆ ಲ್ಯಾಟಿನ್ ಬಿಟ್ಟು ಕೊಂಕಣಿಗೆ ಬಂದ ಕಾಲವನ್ನು ಅಜ್ಜಿ ಕೊನೆಯವರೆಗೂ ನೆನೆಯುತ್ತಿದ್ದಳು. ಊರಿಗೆಲ್ಲ ಸಂತೋಷ, ಅವಳಿಗೆ ಮಾತ್ರ ಕಸಿವಿಸಿ. "ಈಗ ಪಾದ್ರಿ ತಪ್ಪಿದರೆ ನನಗೆ ಗೊತ್ತಾಗ್ತದೆ. ಮೊದಲು ಆ ತೊಂದರೆ ಇರಲಿಲ್ಲ" ಎನ್ನುವಳು.

ಸೆಪ್ಟೆಂಬರ್ 8ರ ಮೊಂತಿ ಹಬ್ಬ ಮಾತ್ರ ಬೇರೆ. ಅದು ಮರಿಯಮ್ಮನ ಹುಟ್ಟುಹಬ್ಬ. ಒಂಬತ್ತು ದಿನ ನಾವು ಮಕ್ಕಳು ಬುಟ್ಟಿಯಲ್ಲಿ ಹೂ ಒಯ್ದು ಅರ್ಪಿಸಿದ ಮೇಲೆ, ಹಬ್ಬದ ದಿನ ಆಶೀರ್ವದಿಸಿದ ಹೊಸ ತೆನೆ ಮನೆಗೆ ಬರುತ್ತಿತ್ತು. ಅದರ ಕಾಳು ಸುಲಿದು ಅರೆದು ಹಾಲಿಗೆ ಬೆರೆಸಿ ಎಲ್ಲರಿಗೂ ಒಂದೊಂದು ಗುಟುಕು. ಆಮೇಲೆ ಬಾಳೆಲೆಯಲ್ಲಿ ಬರೀ ತರಕಾರಿ ಊಟ; ಪಲ್ಯಗಳ ಲೆಕ್ಕ ಬೆಸವೇ ಆಗಬೇಕು. ಮನೆಯಲ್ಲಿ ಮುಖ ಊದಿಸಿಕೊಂಡದ್ದು ಬೆಕ್ಕೊಂದೇ. ಆ ದಿನ ಅಜ್ಜಿ ಏನನ್ನೂ ಬೇಡುತ್ತಿರಲಿಲ್ಲ. "ಹುಟ್ಟುಹಬ್ಬದ ದಿನ ಅವಳ ಮುಂದೆ ಕೈಚಾಚುವುದಾ? ಇವತ್ತು ಊಟ ಮಾತ್ರ" ಎನ್ನುವಳು.

ಅವಳು ತೀರಿಕೊಂಡ ಮೇಲೆ ಆಲ್ತಾರಿನ ಬಟ್ಟೆಯಡಿ ಒಂದು ಪುಸ್ತಕ ಸಿಕ್ಕಿತು: ಹರಕೆಯ ಬಾಕಿ ಲೆಕ್ಕ. ಚಿಕ್ಕಪ್ಪನ ಗಲ್ಫ್ ವೀಸಾಕ್ಕೆ ಅತ್ತೂರಿನ ಸಂತ ಲಾರೆನ್ಸರಿಗೆ ಇಷ್ಟು, ಅತ್ತೆಯ ಹೆರಿಗೆಗೆ ಇಷ್ಟು, ಪಕ್ಕದ ಮನೆಯ ಹುಡುಗಿಯ ಮದುವೆಗೆ ಇಷ್ಟು. ಇಗರ್ಜಿಯ ಮೆಟ್ಟಿಲು ಹತ್ತುವಾಗೆಲ್ಲ ನರಳಿಸುತ್ತಿದ್ದ ಅವಳ ಸ್ವಂತ ಮಂಡಿನೋವಿನ ಹೆಸರಿನಲ್ಲಿ ಒಂದು ಸಾಲೂ ಇರಲಿಲ್ಲ. ಸತ್ತವರ ಸಾಲ ಉಳಿಸಬಾರದೆಂದು ಚಿಕ್ಕಪ್ಪ, ಅತ್ತೆಯಂದಿರು ಕೂತು ಒಂದೊಂದನ್ನೇ ತೀರಿಸಿದರು. ಕೊನೆಗೆ ಸಂತ ಜೂಡರ ಪುಟದಲ್ಲಿ ಒಂದೇ ಒಂದು ಸಾಲು ಉಳಿಯಿತು. ಅಲ್ಲಿ ನನ್ನ ಹೆಸರಿತ್ತು: "ಬುದ್ಧಿ ಬಂದ ಮೇಲೆ, ಹತ್ತು ಮೇಣದಬತ್ತಿ."

ಮನೆಯವರೆಲ್ಲ ನನ್ನನ್ನೊಮ್ಮೆ ನೋಡಿ, ಅದನ್ನು ಈಗಲೇ ಕೊಡಬೇಕಾಗಿಲ್ಲ ಎಂದು ಸರ್ವಾನುಮತದಿಂದ ತೀರ್ಮಾನಿಸಿದರು.